ತಾನಾಗಿ ಸತ್ತ ಮರಿಯ ಕಣ್ಣು

ನಮ್ಮ ಸರ್ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯೂ ಕಪ್ಪು. ಹುಟ್ಟಿನಿಂದ ಬಂದ ಕಪ್ಪಲ್ಲ, ಕೊಳೆಯೂ ಅಲ್ಲ. ಬೆಳ್ಳಿಯ ಲವಣ ಕರಗಿಸಿದ ನೀರಿನಲ್ಲಿ ಗಾಜಿನ ಪಟ್ಟಿಗಳನ್ನು ಅದ್ದಿ ಅದ್ದಿ ಹತ್ತಿದ ಬಣ್ಣ. ಸೋಪಿಗೆ ಹೋಗದು, ನಿಂಬೆಹಣ್ಣಿಗೆ ಹೋಗದು. ಚರ್ಮವೇ ಸವೆದು ಹೊಸದು ಬರಬೇಕು. ಅದು ಬರುವಷ್ಟರಲ್ಲಿ ಇವರು ಮತ್ತೆ ಅದ್ದಿರುತ್ತಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಬಡಿಸುವವರು ಒಂದು ಗಳಿಗೆ ತಡೆದು, "ಕೈ ತೊಳಕೊಂಡ ಬರ್ತೀರೇನ್ರಿ?" ಎಂದು ಕೇಳುವರು. ಸರ್ ಎದ್ದು ಹೋಗಿ, ತೊಳೆದುಕೊಂಡು, ಅದೇ ಕಪ್ಪು ಬೆರಳುಗಳೊಂದಿಗೆ ಬಂದು ಕೂಡುವರು. ಯಾರಿಗೂ ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಕೊಲ್ಹಾಪುರದ ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ನಾನು ಲ್ಯಾಬ್ ಅಸಿಸ್ಟಂಟ್ ಆಗಿ ಸೇರಿದ್ದು ಎಪ್ಪತ್ತಾರರಲ್ಲಿ. ಆಗಲೇ ಮದುವೆಯಾಗಿ ಒಂದು ಕೂಸೂ ಇತ್ತು. ಕಾಗಲ ತಾಲೂಕಿನ ಸುಳಕೂಡ ನಮ್ಮೂರು, ಕುರಿ ಕಾಯುವ ಮನೆತನ. ಬಿ.ಎಸ್ಸಿ. ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಮ್ಮಣ್ಣ, "ಕುರಿ ಎಣಿಸಾಕ ಬರದವರು ಓದೂದು" ಎನ್ನುತ್ತಿದ್ದ. ಸೇರಿದ ಮೊದಲ ದಿನವೇ ನನ್ನ ಕೈಯಿಂದ ಒಂದು ಗಾಜಿನ ಭರಣಿ ಬಿದ್ದು ಚೂರಾಯಿತು. "ಇದರ ಮನಿ ಹಾಳಾಗ" ಎಂದು ಬೈದುಕೊಂಡೆ. ಸುತ್ತ ಎಲ್ಲ ಮರಾಠಿ, ಯಾರಿಗೆ ತಿಳಿಯಬೇಕು ಎಂಬ ಧೈರ್ಯ. ಹಿಂದಿನಿಂದ ಒಂದು ದನಿ ಬಂತು: "ಮನಿ ಯಾಕ ಹಾಳಾಗಬೇಕೊ ತಮ್ಮಾ, ಭರಣಿ ಅಷ್ಟ ಒಡದೈತಿ." ತಿರುಗಿ ನೋಡಿದರೆ ಬಿಳಿ ಅಂಗಿಯ, ಕೃಶ ದೇಹದ, ನಲವತ್ತರ ಆಸುಪಾಸಿನ ಒಬ್ಬರು ಬಗ್ಗಿ ಗಾಜಿನ ಚೂರು ಆರಿಸುತ್ತಿದ್ದರು. ಹಾತಕಣಂಗಲೆ ಕಡೆಯ ಜೈನ ಒಕ್ಕಲುತನದ ಮನೆಯವರು, ಮನೆಮಾತು ಕನ್ನಡ. ಅಂದಿನಿಂದ ಲ್ಯಾಬಿನ ಬಾಗಿಲು ದಾಟಿದರೆ ನಮ್ಮಿಬ್ಬರ ಮಾತು ಕನ್ನಡವೇ.

ಸಹೋದ್ಯೋಗಿಗಳು ಅವರನ್ನು 'ಕಪ್ಪೆ ಕೊಯ್ಯದ ಝೂಆಲಜಿ ಮಾಸ್ತರ' ಎಂದು ಕರೆಯುತ್ತಿದ್ದರು. ಮಾತು ಸುಳ್ಳಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎಂಬಂತೆ, ಪ್ರಾಣಿಶಾಸ್ತ್ರ ಕಲಿಸುವ ಇವರು ಕತ್ತರಿ ಮುಟ್ಟುತ್ತಿರಲಿಲ್ಲ. ಕೊಯ್ಯುವ ಪ್ರಾಕ್ಟಿಕಲ್ ಇದ್ದ ದಿನ ಬೇರೆ ಮಾಸ್ತರರಿಗೆ ಬಿಟ್ಟುಕೊಟ್ಟು, ಅವರ ಎರಡು ಪಾಠ ತಾವು ತೆಗೆದುಕೊಳ್ಳುವರು. ನೌಕರಿ ಸಿಕ್ಕ ವರ್ಷ ಊರಿನ ಬಸದಿಗೆ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ನೇಮ ಹಿಡಿದಿದ್ದರಂತೆ, ತನ್ನ ವಿದ್ಯೆಗಾಗಿ ಒಂದು ಜೀವವೂ ಹೋಗಬಾರದು ಎಂದು.

"ನಾ ಕೊಲ್ಲಬಾರದು ಅಂತ ಅಷ್ಟ ಅಲ್ಲೊ," ಎಂದು ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. "ನಾ ಮಾಡಬಾರದು, ಒಬ್ಬರ ಕಡಿಂದ ಮಾಡಿಸಬಾರದು, ಯಾರೋ ಮಾಡಿದ್ದಕ್ಕ 'ಛಲೋ ಆತು' ಅನಬಾರದು. ಮೂರೂ ಒಂದ. ಮೊದಲಿನ ಎರಡು ಸಸಾರ. ಮೂರನೇದ ಕಠಿಣ."

ನಾನು ಕುರಿಯ ಖಂಡ ತಿಂದು ಬೆಳೆದವನು. "ಹಂಗಿದ್ರ ನೀವು ಗಣಿತ ಕಲಿಸಬೇಕಾಗಿತ್ರಿ ಸರ್" ಎಂದೆ. ಅವರು ನಕ್ಕರು.

ಗಣಿತಕ್ಕೆ ಹೋಗದೆ ಇವರು ಇದಕ್ಕೇ ಅಂಟಿಕೊಂಡಿದ್ದಕ್ಕೆ ಕಾರಣ ಕಣ್ಣು. ಕಣ್ಣಿನ ಹಿಂಭಾಗದಲ್ಲಿ, ಬೆಳಕು ಬಿದ್ದು ಚಿತ್ರ ಮೂಡುವ ತೆಳ್ಳನೆಯ ಪೊರೆಯೊಂದಿದೆಯಲ್ಲ, ಅಕ್ಷಿಪಟಲ, ಅದು ಗರ್ಭದೊಳಗೆ ಹೇಗೆ ಆಗುತ್ತದೆ ಎಂಬುದೇ ಅವರ ಪಿಎಚ್.ಡಿ.ಯ ವಿಷಯ. ನನಗೆ ಅರ್ಥವಾಗುವ ಹಾಗೆ ಅವರು ಹೇಳಿದ್ದು ಇಷ್ಟು: "ಕಣ್ಣ ಆಗೂವಾಗ ಬೇಕಾದ್ದಕ್ಕಿಂತ ಭಾಳ ಹೆಚ್ಚ ಪೇಶಿ ಹುಟ್ಟತಾವ. ಹೆಚ್ಚಾದುವು ತಾವ ಸಾಯ್ತಾವ. ಹೆಣ ಬಿದ್ದ ಮ್ಯಾಲ ಎತ್ತಾಕ ಯಾರರೆ ಬರಬೇಕಲ್ಲ? ಮೈಯಾಗ ರೋಗದ ಮ್ಯಾಲ ಕಾವಲ ಇರೂ ಪೇಶಿ ಅದಾವಲ್ಲ, ಅವ ಬಂದ ನುಂಗತಾವ ಅಂತ ನನಗ ಅನಸತೈತಿ. ಕಣ್ಣ ಇನ್ನಾ ತೆರೆಯೂದಕ್ಕಿಂತ ಮೊದಲ ಕಾವಲ ಬಂದ ನಿಂತಿರತೈತಿ." ಪೇಶಿ ಅಂದರೆ ಜೀವಕೋಶ, ಮರಾಠಿಯಲ್ಲಿ ಕಲಿತ ನಮಗೆಲ್ಲ ಅದು ಪೇಶಿಯೇ. ಆ ಕಾವಲು ಪೇಶಿಗಳಿಗೆ ಬೆಳ್ಳಿ ಹತ್ತಿ ಅವು ಕಪ್ಪಗೆ ಕಾಣುತ್ತವೆ ಎಂದೇ ಆ ಬೆಳ್ಳಿಯ ನೀರು.

ನೇಮ ಬಿಡುವಂತಿಲ್ಲ, ಕಣ್ಣು ನೋಡದೆ ಇರುವಂತಿಲ್ಲ. ಅದಕ್ಕೆ ಸರ್ ಕಂಡುಕೊಂಡ ದಾರಿ: ತಾನಾಗಿ ಸತ್ತದ್ದನ್ನು ಮಾತ್ರ ತೆಗೆದುಕೊಳ್ಳುವುದು. ಮೊದಲು ಕೋಳಿಫಾರ್ಮಿನಿಂದ, ಕಾವಿಗಿಟ್ಟರೂ ಒಳಗೇ ಸತ್ತುಹೋದ ತತ್ತಿಗಳನ್ನು ತರುತ್ತಿದ್ದರು. ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಸೇರಿಸದ ಮನುಷ್ಯ ಕೆಟ್ಟ ತತ್ತಿಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಎಸ್.ಟಿ. ಬಸ್ಸಿನಲ್ಲಿ ಬರುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಕಂಡಕ್ಟರ್ ಮೂಗು ಮುಚ್ಚಿ ಟಿಕೇಟು ಹರಿಯುತ್ತಿದ್ದನಂತೆ. ಮನೆಯಲ್ಲಿ ತಾಯಿ ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದರಂತೆ. ಎರಡು ವರ್ಷ ಹೀಗೆ ಮಾಡಿದರೂ ಸ್ಲೈಡಿನ ಮೇಲೆ ಕಂಡದ್ದು ಬರೀ ಮಸಿ.

ನಾನು ಬಂದ ಮೇಲೆ ಕುರಿ ಬಂದವು. ದಿನ ತುಂಬುವ ಮೊದಲೇ ಕುರಿ ಕಂದು ಹಾಕುವುದು, ಅಂದರೆ ಗರ್ಭ ಇಳಿದುಹೋಗುವುದು, ಹಿಂಡಿನಲ್ಲಿ ಇದ್ದದ್ದೇ. ನಮ್ಮಣ್ಣನಿಗೆ ಹೇಳಿಟ್ಟೆ. ಸುಳಕೂಡ, ಉತ್ತೂರದ ಕಡೆ ಎಲ್ಲಿ ಯಾರ ಹಿಂಡಿನಲ್ಲಿ ಕುರಿ ಕಂದು ಹಾಕಿದರೂ ನನಗೆ ಸುದ್ದಿ ಬರುತ್ತಿತ್ತು. ಫಾರ್ಮಲಿನ್ ಬಾಟಲಿ ಹಿಡಿದು ಓಡುತ್ತಿದ್ದೆ. ತಂದುಕೊಟ್ಟರೆ ಸರ್ ಬಾಟಲಿ ಮುಟ್ಟುವ ಮೊದಲು ಕೇಳುವರು: "ತಾನಾಗಿ ಸತ್ತೈತಲ್ಲ? ಯಾರೂ ಕೈ ಹಚ್ಚಿಲ್ಲಲ್ಲ?" ನಾನು "ಇಲ್ರಿ" ಎಂದ ಮೇಲೆಯೇ ಚೀಟಿ ಬರೆದು ಅಂಟಿಸುವರು. ಮೇಣದಲ್ಲಿ ಕೂರಿಸಿದ ಆ ಪುಟ್ಟ ಕಣ್ಣುಗಳನ್ನು ಯಂತ್ರದಲ್ಲಿ ಕೂದಲಿಗಿಂತ ತೆಳ್ಳಗೆ ಕೊಯ್ಯುವ ಕೆಲಸ ನನ್ನದು. ನಾನು ಮುಂಗೋಪಿ, ಕೈಯೂ ಆತುರದ್ದು. ಪೊರೆ ಹರಿದರೆ ಬೈಯುತ್ತಿದ್ದೆ. ಸರ್ ಮಾತ್ರ, "ಗಡಿಬಿಡಿ ಮಾಡಬ್ಯಾಡಪಾ. ಸತ್ತವರು ಎಲ್ಲೂ ಓಡಿ ಹೋಗಂಗಿಲ್ಲ" ಎನ್ನುವರು. ಬಿಸಿ ಮೇಣದ ಪಾತ್ರೆಯ ಹತ್ತಿರ ಇರುವೆ ಬಂದರೆ ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಕಿಟಕಿಗೆ ಒಯ್ದು ಬಿಟ್ಟು ಬರುವರು. ಐದು ಗಂಟೆಗೆ ಡಬ್ಬಿ ಬಿಚ್ಚಿ, ಹೊತ್ತು ಮುಳುಗುವ ಮೊದಲು ಊಟ ಮುಗಿಸುವರು. ಡಬ್ಬಿಯೊಳಗಿನ ಅರ್ಧ ರೊಟ್ಟಿ ನನಗೆಂದೇ ಇರುತ್ತಿತ್ತು.

ಒಂದು ಸಲ ಆ ಊಟದ ಹೊತ್ತಿನಲ್ಲಿ, "ನೀವು ಈ ಕಣ್ಣಿನ ಬೆನ್ನ ಯಾಕ ಹತ್ತೀರಿ ಸರ್?" ಎಂದು ಕೇಳಿಬಿಟ್ಟೆ. ಅವರು ರೊಟ್ಟಿ ಮುರಿಯುತ್ತಲೇ ಹೇಳಿದರು. ಅವರಿಗೊಬ್ಬಳು ತಂಗಿ ಇದ್ದಳಂತೆ, ಮೂರು ವರ್ಷದವಳು. ದೀಪದ ಮುಂದೆ ಕೂತರೆ ಅವಳ ಎಡಗಣ್ಣು ಒಳಗಿನಿಂದ ಬೆಳ್ಳಗೆ ಹೊಳೆಯುತ್ತಿತ್ತಂತೆ. ಲಕ್ಷ್ಮಿ ಕಣ್ಣಲ್ಲೇ ಕೂತಿದ್ದಾಳೆ ಎಂದು ಅಜ್ಜಿ ಬಂದವರಿಗೆಲ್ಲ ಕರೆದು ತೋರಿಸುತ್ತಿದ್ದರಂತೆ. ಆಮೇಲೆ ಆರು ತಿಂಗಳಿಗೆ ಆ ಕಣ್ಣು ಉಬ್ಬಿತು. ಮಿರಜಿಗೆ ಒಯ್ದಾಗ ಡಾಕ್ಟರು, ಇದು ಅಕ್ಷಿಪಟಲದ ಗಡ್ಡೆ, ಕಣ್ಣು ಆಗುವಾಗಲೇ ಬೀಜ ಬಿದ್ದದ್ದು, ಈಗ ಮಿದುಳಿಗೆ ಏರಿದೆ ಎಂದರಂತೆ.

"ಆಕಿ ಹೋದಾಗ ನಾ ಏಳನೇ ಇಯತ್ತೆ ಓದತಿದ್ದೆ," ಎಂದರು ಸರ್. "ಮುಂದ ಕಾಲೇಜಿನ್ಯಾಗ ಕಾವಲ ಪೇಶಿ ಬಗ್ಗೆ ಓದಿದೆ. ಕೆಟ್ಟ ಪೇಶಿ ಕಂಡರ ಹಿಡದ ತಿಂತಾವ ಅಂತ. ಹಂಗಿದ್ರ ಆಕಿ ಕಣ್ಣಾಗಿನ ಕಾವಲ ಎಲ್ಲಿ ಹೋಗಿತ್ತು? ಬಂದಿತ್ತೊ, ಬರಲ ಇಲ್ಲೊ? ಕಣ್ಣಿಗೆ ಅದು ಯಾವಾಗ ಬರತೈತಿ ಅನ್ನೂದರೆ ತಿಳೀಬೇಕಲ್ಲ."

ಡಬ್ಬಿ ತೊಳೆದು ತಂದಿಟ್ಟೆ.

ಎಂಬತ್ತರ ಚಳಿಗಾಲದಲ್ಲಿ ಪುಣೆಯಿಂದ ಅವರ ಗೈಡ್ ಬಂದರು. ವಯಸ್ಸಾದವರು, ಮೃದು ಸ್ವಭಾವದವರು. ಇಡೀ ಮುಂಜಾನೆ ನಮ್ಮ ಸ್ಲೈಡುಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಕನ್ನಡಕ ತೆಗೆದು, "ಅಹೋ, ಹೇ ಕುಜಲೇಲ ಆಹೇ" ಎಂದರು. ಇದು ಕೊಳೆತದ್ದು. ಅವರ ಮಾತಿನ ತಾತ್ಪರ್ಯ ನನಗೂ ತಿಳಿಯಿತು. ಕಂದು ಹಾಕಿದ ಮರಿ ಹೊರಗೆ ಬೀಳುವ ಒಂದೆರಡು ದಿನ ಮೊದಲೇ ಹೊಟ್ಟೆಯಲ್ಲಿ ಸತ್ತಿರುತ್ತದೆ. ಸತ್ತ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಕರಗುವುದು ಅಕ್ಷಿಪಟಲವೇ. ಇಲ್ಲಿ ಕಾಣುವ ಸತ್ತ ಪೇಶಿಗಳು ಬೆಳೆಯುವಾಗ ಸತ್ತವೋ, ಮರಿಯೇ ಸತ್ತ ಮೇಲೆ ಕೊಳೆತವೋ, ಯಾವ ದೇವರು ಹೇಳಬೇಕು? ಜೀವ ಇರುವಾಗಲೇ, ಇಲ್ಲವೇ ಹೋದ ಕೆಲವೇ ನಿಮಿಷದಲ್ಲಿ ಫಾರ್ಮಲಿನ್ನಿಗೆ ಬಿದ್ದ ಒಂದು ಕಣ್ಣು ತೋರಿಸಿ, ನಿಮ್ಮ ಮಾತು ನಾನು ಒಪ್ಪುತ್ತೇನೆ, ಎಲ್ಲರೂ ಒಪ್ಪುತ್ತಾರೆ ಎಂದರು. ಕಸಾಯಿಖಾನೆಯಿಂದ ತರಿಸಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದೂ ಹೇಳಿದರು. ತಾವು ಮುಂದಿನ ವರ್ಷದ ಕೊನೆಗೆ ನಿವೃತ್ತರಾಗುವುದಾಗಿಯೂ, ಸರ್ ಅವರ ನೋಂದಣಿಯ ಅವಧಿಯೂ ಅಷ್ಟರಲ್ಲೇ ಮುಗಿಯುವುದಾಗಿಯೂ ನೆನಪಿಸಿ ಹೋದರು.

ಸರ್ ಗೈಡ್ ಅವರನ್ನು ಬಸ್ಸು ಹತ್ತಿಸಿ ಬಂದು, ಆ ಸ್ಲೈಡುಗಳನ್ನು ಪೆಟ್ಟಿಗೆಗೆ ಜೋಡಿಸಿಟ್ಟರು. "ಅವರು ಹೇಳಿದ್ದ ಖರೆ" ಎಂದರು. ಮರುದಿನದಿಂದ ಪಾಠ ಮುಗಿಸಿ ನೇರ ಮನೆಗೆ ಹೋಗತೊಡಗಿದರು. ಮೈಕ್ರೊಸ್ಕೋಪಿನ ಮೇಲೆ ಮುಚ್ಚಿದ ಬಟ್ಟೆ ಎರಡು ತಿಂಗಳು ತೆಗೆಯಲಿಲ್ಲ.

ನನಗೆ ಮೈಯೆಲ್ಲ ಉರಿ. ಯಾರ ಮೇಲೆ ಸಿಟ್ಟು ಎಂದೇ ತಿಳಿಯದ ಸಿಟ್ಟು. ದಿನಾ ಬೆಳಗಾದರೆ ಕೊಲ್ಹಾಪುರದಲ್ಲಿ ಎಷ್ಟು ಕುರಿ ಬೀಳುತ್ತವೆ, ಇವರ ಒಂದು ನೇಮದಿಂದ ಅವುಗಳಲ್ಲಿ ಒಂದಾದರೂ ಉಳಿಯಿತೇ? ಮನೆಯಲ್ಲಿ ಹೆಂಡತಿಯ ಮುಂದೆ ಕೂಗಾಡಿದೆ. "ನಿಮಗ್ಯಾಕ ಬೇಕ್ರಿ ಇದೆಲ್ಲಾ, ಅವರ ನೇಮ ಅವರಿಗೆ" ಎಂದಳು ಅವಳು. ಹೆಂಗಸಿನ ಬುದ್ಧಿ ಎಂದು ತಳ್ಳಿಹಾಕಿದೆ. ಆ ದಿನ ಅವಳ ಮಾತು ಕೇಳಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಊರಿಗೆ ಹೋದಾಗ, ಇಚಲಕರಂಜಿಗೆ ನೂಲು ಒಯ್ಯುವ ಟ್ರಕ್ಕೊಂದು ನಮ್ಮ ಹಿಂಡಿನ ಅಂಚಿಗೆ ತಾಗಿ ಒಂದು ಕುರಿಯ ಹಿಂಗಾಲು ಮುರಿಯಿತು. ಎರಡೂವರೆ ತಿಂಗಳ ಗಬ್ಬದ ಕುರಿ. ಅಣ್ಣ ಬಿದಿರಿನ ಸೀಳು ಕಟ್ಟಿ, ಅರಿಸಿನ ಹಚ್ಚಿ, ನೆರಳಿನಲ್ಲಿ ಮಲಗಿಸಿದ. ಗಬ್ಬದ ಕುರಿಗೆ ಕತ್ತಿ ತೋರಿಸಬಾರದು ಎಂಬುದು ನಮ್ಮವರ ಕಟ್ಟು. ಕುಂಟಲಿ, ನರಳಲಿ, ಈಯುವ ತನಕ ಅದನ್ನು ನೋಡಿಕೊಳ್ಳಬೇಕು. ನಾನು ಆ ಕುರಿಯ ಹೊಟ್ಟೆ ನೋಡುತ್ತ ಕೂತೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ, ಸರ್ ಅವರಿಗೆ ಬೇಕಾಗಿದ್ದ ಕಣ್ಣು.

"ಯಣ್ಣಾ, ಇಚಲಕರಂಜಿ ದನದ ಡಾಕ್ಟರ ಕಡೆ ಒಯ್ತೇನಿ" ಎಂದೆ.

"ಒಯ್ಯಪಾ, ನೀ ಕಲ್ತಾಂವ" ಎಂದ ಅಣ್ಣ. ಗಾಡಿಯಲ್ಲಿ ಹುಲ್ಲು ಹಾಸಿ ಕುರಿಯನ್ನು ತಾನೇ ಎತ್ತಿ ಮಲಗಿಸಿದ.

ನಾನು ಹೋದದ್ದು ಡಾಕ್ಟರನ ಹತ್ತಿರ ಅಲ್ಲ, ಕಸಾಯಿಯ ಹತ್ತಿರ. ಆ ಮುದುಕ ಕುರಿಯ ಹೊಟ್ಟೆ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡ. "ಇದು ಗಬ್ಬ ಐತಲ್ರಿ ಸಾಹೇಬ್ರ. ನಾವೂ ಇದನ್ನ ಕೊಯ್ಯಂಗಿಲ್ರಿ." ನಾನು, "ನಾ ಸರಕಾರಿ ಡಾಕ್ಟರ ಅದೇನಿ, ಕಾಲು ಕೊಳೆತರ ತಾಯಿ, ಮರಿ ಎಲ್ಲಾ ಸಾಯ್ತಾವ" ಎಂದು ದಬಾಯಿಸಿದೆ. ಎರಡು ಮರಿಗಳಿದ್ದವು, ಒಂದೊಂದೂ ಗೇಣುದ್ದ. ರೆಪ್ಪೆ ಇನ್ನೂ ಬಿರಿದಿರಲಿಲ್ಲ. ಒಂದು ಬಾಯಿ ತೆರೆದು ಮುಚ್ಚಿತು. ನನ್ನ ಕೈ ನಡುಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಲ್ಕೂ ಕಣ್ಣು ಕೆಲವೇ ನಿಮಿಷದಲ್ಲಿ ಫಾರ್ಮಲಿನ್ನಿನಲ್ಲಿದ್ದವು. ಅಣ್ಣನಿಗೆ ಕುರಿ ದಾರಿಯಲ್ಲೇ ಸತ್ತಿತು ಎಂದೆ. ಅವನು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ, ಏನೂ ಕೇಳಲಿಲ್ಲ.

ಸರ್ ಕೇಳಿದರು. ಎಂದಿನಂತೆಯೇ ಕೇಳಿದರು. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ: "ಟ್ರಕ್ಕ ಬಡದ ಕುರಿರೀ ಸರ್. ನನ್ನ ಕಣ್ಣಮುಂದ ಕಂದ ಹಾಕಿತು. ಮರಿ ಇನ್ನಾ ಜೀವಂತ ಇದ್ವು, ನನ್ನ ಕೈಯಾಗ ಉಸಿರ ಬಿಟ್ವು." "ತಾನಾಗಿ?" ಎಂದರು. "ತಾನಾಗಿರಿ" ಎಂದೆ. ಅವರು ಚೀಟಿ ಬರೆದರು.

ಆ ಸ್ಲೈಡುಗಳನ್ನು ನಾನು ಕೊಯ್ದಷ್ಟು ನಾಜೂಕಾಗಿ ಜೀವನದಲ್ಲಿ ಬೇರೇನನ್ನೂ ಮಾಡಿಲ್ಲ. ಒಂದು ಮಧ್ಯಾಹ್ನ ಸರ್ ಮೊದಲನೆಯದನ್ನು ಮೈಕ್ರೊಸ್ಕೋಪಿನ ಕೆಳಗಿಟ್ಟು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಆಮೇಲೆ ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದರು. ಮತ್ತೆ ಬಂದು ನೋಡಿದರು. ಮತ್ತೆ ಹೋಗಿ ಮುಖ ತೊಳೆದರು. "ನನ್ನ ಕಣ್ಣ ಸರಿ ಅದಾವಿಲ್ಲೊ, ನೀ ನೋಡಪಾ" ಎಂದು ನನ್ನನ್ನು ಕೂರಿಸಿದರು. ನೋಡಿದೆ. ತಿಳಿಹಳದಿ ಬಯಲಿನಲ್ಲಿ ಸಾಲು ಸಾಲು ಪೇಶಿಗಳು, ನೇಯ್ದ ಬಟ್ಟೆಯಂತೆ ಅಚ್ಚುಕಟ್ಟು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಪೇಶಿ, ಸಣ್ಣ ಸಣ್ಣ ಕೈ ಚಾಚಿಕೊಂಡದ್ದು. ಒಂದರ ಹೊಟ್ಟೆಯಲ್ಲಿ ನುಂಗಿದ ಚೂರುಗಳು ಎಣಿಸುವಷ್ಟು ಸ್ಪಷ್ಟ.

"ಬಂದಾರೊ ತಮ್ಮಾ," ಎಂದರು ಸರ್. "ಕಣ್ಣ ತೆರೆಯೂದಕ್ಕಿಂತ ಮೊದಲ ಬಂದಾರ ನೋಡ."

ಆ ದಿನ ಜವಾನನಿಗೂ, ಟೈಪಿಸ್ಟನಿಗೂ, ಗ್ರಂಥಾಲಯ ನೋಡಿಕೊಳ್ಳುವ ಹೆಂಗಸಿಗೂ ಕರೆಕರೆದು ತೋರಿಸಿದರು. ಶೇಂಗಾ-ಬೆಲ್ಲ ತರಿಸಿ ವಿಭಾಗಕ್ಕೆಲ್ಲ ಹಂಚಿದರು. ಗೈಡ್ ಎರಡು ಸ್ಲೈಡು ನೋಡಿ ಪುಣೆಯಿಂದ ಬರೆದರು, ಇನ್ನು ತಡ ಮಾಡಬೇಡಿ, ಇದನ್ನು ಇಷ್ಟು ಸ್ಪಷ್ಟವಾಗಿ ನಾನು ಎಲ್ಲೂ ಕಂಡಿಲ್ಲ ಎಂದು. ಮಳೆಗಾಲವೆಲ್ಲ ಸರ್ ಬರೆದರು. ನಾನೂ ಎದೆ ಉಬ್ಬಿಸಿಕೊಂಡು ತಿರುಗಿದೆ. ಸುಳ್ಳು ಹೇಳಿದ್ದೇನೆ ಎನ್ನುವುದು ಮರೆತೇಹೋಗಿತ್ತು ಅಂದರೂ ಸರಿ. ಭಾದ್ರಪದಕ್ಕೆ ಟೈಪು ಮುಗಿದು, ಬೈಂಡಿಂಗೂ ಆಗಿ, ಮುಂದಿನ ಸೋಮವಾರ ಪ್ರಬಂಧ ಸಲ್ಲಿಸುವುದೆಂದು ಗೊತ್ತಾಯಿತು.

ಅನಂತ ಚತುರ್ದಶಿ ಕಳೆದು ಎರಡು ದಿನ. ಗಣಪತಿಯನ್ನು ಕಳಿಸುವಾಗ ಎರಚಿದ ಗುಲಾಲು ಇನ್ನೂ ಕೊಲ್ಹಾಪುರದ ರಸ್ತೆಗಳ ಮೇಲಿತ್ತು. ಜೈನರಿಗೆ ಅದೇ ಸುಮಾರಿಗೆ ಹತ್ತು ದಿನದ ಪರ್ವ ಮುಗಿದು ಕ್ಷಮಾವಣಿ. ಹಿಂದಿನ ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ. ಸರ್ ಪ್ರತಿ ವರ್ಷ ಕೇಳುತ್ತಿದ್ದರು, ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವವಳವರೆಗೆ. ಆ ವರ್ಷ ಉಪವಾಸದಿಂದ ಇನ್ನಷ್ಟು ಸೊರಗಿದ್ದರು. ನನ್ನ ಮೇಜಿನ ಮುಂದೆ ಬಂದು ನಿಂತು ಎರಡೂ ಕೈ ಜೋಡಿಸಿದರು. ಉಳಿದ ದಿನವೆಲ್ಲ ನನಗೆ 'ನೀ' ಎನ್ನುವವರು ಆ ಒಂದು ದಿನ ಮಾತ್ರ 'ರೀ' ಹಚ್ಚುವರು.

"ವರ್ಷದಾಗ ನನ್ನಿಂದ ಏನರೆ ತಪ್ಪಾಗಿದ್ರ, ಮನಸ್ಸ ನೋಯಿಸಿದ್ರ, ಕ್ಷಮಾ ಮಾಡ್ರಿ" ಎಂದರು. ಆಮೇಲೆ ತಾವೇ ಸೇರಿಸಿದರು, "ನನ್ನ ಕೆಲಸದ ಸಲುವಾಗಿ ನಿಮಗ ಭಾಳ ತ್ರಾಸ ಕೊಟ್ಟೇನ್ರಿ."

ಕ್ಷಮಾ ಮಾಡೀನ್ರಿ ಸರ್, ನನ್ನನ್ನೂ ಮಾಡ್ರಿ ಎಂದು ವಾಡಿಕೆಯಂತೆ ಕೈಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಆ ಜೋಡಿಸಿದ ಕೈ ಕಣ್ಣೆದುರಿಗಿತ್ತು. ಈ ಮನುಷ್ಯ ನನ್ನ ಮುಂದೆ ಕೈಮುಗಿಯುವುದೇ! ಅಳು ಬಂತು. ಬಾಯಿ ಬಿಟ್ಟೆ. ಮುರಿದ ಕಾಲು, ಗಾಡಿ, ಕಸಾಯಿ, ನಾನೇ ಡಾಕ್ಟರ ಎಂದು ಸುಳ್ಳು ಹೇಳಿದ್ದು, ಬಾಯಿ ತೆರೆದು ಮುಚ್ಚಿದ ಮರಿ, ಎಲ್ಲ ಹೇಳಿದೆ. ಹೇಳಿ ಹಗುರಾದೆ. ನಾಚಿಕೆಗೇಡಿನ ಮಾತು ಇದು, ಆದರೆ ಹಗುರಾದೆ.

ಸರ್ ಕೈ ಇಳಿಸಿರಲಿಲ್ಲ. "ಎರಡಿದ್ವಾ?" ಎಂದು ಕೇಳಿದರು. "ಹೌದ್ರಿ." "ಜೀವ ಇತ್ತು?" "ಇತ್ರಿ." ಅವರು ಸ್ಟೂಲಿನ ಮೇಲೆ ಕೂತರು. ಆಮೇಲೆ ಎದ್ದು, ನನ್ನ ಬೆನ್ನ ಮೇಲೆ ಕೈಯಿಟ್ಟು, "ಆತು. ಹೇಳಿದ್ಯಲ್ಲ" ಎಂದರು. ಅಷ್ಟೇ.

ಸೋಮವಾರ ಪ್ರಬಂಧ ಹೋಗಲಿಲ್ಲ. ನಾನು ಅವರ ಕಾಲು ಹಿಡಿದೆ. "ಪಾಪ ಮಾಡಿದಾಂವ ನಾನ್ರಿ. ನೀವು ಮಾಡಿಲ್ಲ, ಮಾಡಿಸಿಲ್ಲ. ಸತ್ತಿದ್ದ ಸತ್ತ ಹೋತು, ಅಲ್ಲಿ ಕಂಡದ್ದರೆ ಖರೆ ಐತಲ್ರಿ!"

"ಖರೆ ಐತಿ," ಎಂದರು ಸರ್. "ಕಂಡದ್ದ ಖರೆ ಐತಿ. ಆದರ ಅದನ್ನ ನಾ ಕೊಟ್ಟ ಬಂದ್ರ, 'ಛಲೋ ಆತು' ಅಂದಂಗ ಆತಲ್ಲೊ. ಮೂರನೇದ ಕಠಿಣ ಐತಿ ಅಂತ ಹೇಳಿದ್ದಿಲ್ಲೇನ?"

ಹಾಗಾದರೆ ಆ ನಾಲ್ಕು ಕಣ್ಣು ಬಿಟ್ಟು, ತಾನಾಗಿ ಸತ್ತವುಗಳಲ್ಲೇ ಮತ್ತೆ ಹುಡುಕೋಣ, ಊರೂರು ತಿರುಗಿ ತಂದುಕೊಡುತ್ತೇನೆ ಎಂದೆ. ಅದಕ್ಕೂ ತಲೆಯಲ್ಲಾಡಿಸಿದರು. "ಇನ್ನ ಆಗಂಗಿಲ್ಲ. ನಾ ಒಮ್ಮೆ ನೋಡೇನಿ. ಇನ್ನ ಕೊಳೆತ ಕಣ್ಣಾಗ ನೋಡಿದ್ರೂ ನನಗ ಅದ ಕಾಣತೈತಿ. ಇಲ್ಲದ್ದೂ ಕಾಣತೈತಿ. ಅಂಥಾ ನೋಡೂದಕ್ಕ ಏನ ಅರ್ಥ?" ಗೈಡ್ ಪುಣೆಯಿಂದ ಬಂದು ಬೈದರು, ಬೇಡಿಕೊಂಡರು, ಕಸಾಯಿಖಾನೆಯಿಂದ ತಂದದ್ದು ಎಂದು ಒಂದು ಸಾಲು ತಿದ್ದಿದರೆ ಮುಗಿಯಿತಲ್ಲ ಎಂದರು. ಸರ್ ಗೈಡ್ ಅವರಿಗೆ ಚಹಾ ಮಾಡಿಸಿಕೊಟ್ಟು, ಕೇಳಿಸಿಕೊಂಡು, ಬಸ್ಸು ಹತ್ತಿಸಿ ಬಂದರು. ಡಿಸೆಂಬರಿಗೆ ನೋಂದಣಿಯ ಅವಧಿಯೊಂದಿಗೆ ಎಲ್ಲ ಮುಗಿಯಿತು.

ಆಮೇಲಿನ ವರ್ಷಗಳ ಬಗ್ಗೆ ಹೇಳುವಂಥದು ಹೆಚ್ಚಿಲ್ಲ. ಸರ್ ಪಾಠ ಹೇಳಿದರು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದರು. ನನಗೆ ಎಂದಿನಂತೆ ಅರ್ಧ ರೊಟ್ಟಿ ಕೊಡುತ್ತಿದ್ದರು. ಅದನ್ನು ನುಂಗುವುದೇ ನನಗೆ ಕಷ್ಟವಾಗುತ್ತಿತ್ತು. ಬೈದಿದ್ದರೆ ಬದುಕುತ್ತಿದ್ದೆ. ಬಿ.ಎಡ್. ಮುಗಿಸಿಕೊಂಡು ಎಂಬತ್ತಮೂರರಲ್ಲಿ ಗಡಹಿಂಗ್ಲಜದ ಹೈಸ್ಕೂಲಿಗೆ ಮಾಸ್ತರನಾಗಿ ಹೋದೆ. ಖರೆ ಹೇಳಬೇಕೆಂದರೆ ಓಡಿಹೋದೆ. ಶಿಫಾರಸು ಪತ್ರ ಬರೆದುಕೊಟ್ಟವರೂ ಸರ್ ಅವರೇ. ಇವತ್ತು ನನ್ನ ಮಕ್ಕಳು ಉಣ್ಣುವ ಅನ್ನ ಆ ಪತ್ರದ್ದು.

ಎಂಬತ್ತೆಂಟರಲ್ಲಿ ಅವರಿಗೆ ಯಕೃತ್ತಿನ ಬೇನೆ ಎಂದು ಸುದ್ದಿ ಬಂತು. ಅಷ್ಟರಲ್ಲಿ ನನ್ನ ಕೈಗೆ ಕಾಲೇಜಿನ ಹೊಸದೊಂದು ಪಠ್ಯಪುಸ್ತಕ ಸಿಕ್ಕಿತ್ತು. ಅದರಲ್ಲಿ ಕಣ್ಣಿನ ಬೆಳವಣಿಗೆಯ ಅಧ್ಯಾಯದ ನಡುವೆ ಒಂದು ಸಾಲು. ಗರ್ಭದಲ್ಲಿ ಅಕ್ಷಿಪಟಲ ಬೆಳೆಯುವಾಗ ಸಾಯುವ ಜೀವಕೋಶಗಳನ್ನು ರೋಗನಿರೋಧಕ ಜೀವಕೋಶಗಳು ಬಂದು ನುಂಗಿ ಸ್ವಚ್ಛಗೊಳಿಸುತ್ತವೆ, ಆಮೇಲೆ ಅಲ್ಲಿಯೇ ಕಾವಲಿಗೆ ನಿಲ್ಲುತ್ತವೆ ಎಂದು. ಎಲ್ಲೋ ದೂರದ ದೇಶದಲ್ಲಿ ಯಾರೋ ಕಂಡುಕೊಂಡು, ಈಗ ಮಕ್ಕಳು ಉರು ಹಚ್ಚುವ ಸಾಲಾಗಿತ್ತು. ಸರ್ ಅವರಿಗೆ ಸಂತೋಷವಾದೀತು ಎಂದುಕೊಂಡೆ. ನನ್ನ ದಡ್ಡತನಕ್ಕೆ ಮೇರೆಯೇ ಇಲ್ಲ. ಪುಸ್ತಕ ಚೀಲದಲ್ಲಿ ಹಾಕಿಕೊಂಡು ಕೊಲ್ಹಾಪುರದ ಎಸ್.ಟಿ. ಹತ್ತಿದೆ.

ದವಾಖಾನೆಯಲ್ಲಿ ಮಧ್ಯಾಹ್ನದ ಹೊತ್ತು. ಸರ್ ಹಳದಿಗಟ್ಟಿ ಮಲಗಿದ್ದರು. ಹೊಟ್ಟೆ ಮಾತ್ರ ಉಬ್ಬಿತ್ತು. ಅಕ್ಕಾವರು, ಅವರ ಹೆಂಡತಿ, ನನ್ನನ್ನು ಕೂರಿಸಿ ನೀರು ಸೋಸಿಕೊಂಡು ಬರಲು ಹೊರಗೆ ಹೋದರು.

"ಸರ್, ನಿಮ್ಮ ಮಾತ ಪುಸ್ತಕದಾಗ ಬಂದೈತ್ರಿ" ಎಂದೆ.

"ಓದ" ಎಂದರು. ಓದಿದೆ. "ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಓದಿದೆ. ಕಣ್ಣು ಮುಚ್ಚಿದ್ದರು. ನಿದ್ದೆ ಹತ್ತಿತೇನೋ ಎಂದು ಪುಸ್ತಕ ಮುಚ್ಚುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದರು. ಆ ಮೈಯಲ್ಲಿ ಅಷ್ಟು ಬಲ ಉಳಿದಿದ್ದೀತು ಎಂದು ನಾನು ಎಣಿಸಿರಲಿಲ್ಲ.

"ಒಂದ ವಾರ," ಎಂದರು. "ಒಂದ ವಾರ ಬಾಯಿ ಮುಚ್ಚಿಕೊಂಡ ಇರಾಕ ನಿನಗ ಆಗಲಿಲ್ಲೇನೊ, ತಮ್ಮಾ?"

ಏಳು ವರ್ಷ ಅದರ ಬಗ್ಗೆ ಒಂದು ಮಾತು ಆಡದ ಮನುಷ್ಯ. ಅಕ್ಕಾವರು ನೀರು ತಂದರು. ಸರ್ ಕೈ ಬಿಟ್ಟು ಗೋಡೆಯ ಕಡೆ ಹೊರಳಿದರು. ಬರುತ್ತೇನೆ ಎಂದೆ, ತಿರುಗಿ ನೋಡಲಿಲ್ಲ. ಐದನೆಯ ದಿನ ಗಡಹಿಂಗ್ಲಜಕ್ಕೆ ಸುದ್ದಿ ಬಂತು.

ಅವರನ್ನು ದೇವರು ಮಾಡಿ ಮಾತಾಡುವವರ ಮುಂದೆ ನಾನು ಸುಮ್ಮನಿರುತ್ತೇನೆ. ಸುಳ್ಳು ಹೇಳಿ ಅವರ ನೇಮ ಕೆಡಿಸಿದೆ, ಖರೆ ಹೇಳಿ ಅವರ ಜೀವನ ಕೆಡಿಸಿದೆ. ಎರಡೂ ನನ್ನ ಸಮಾಧಾನಕ್ಕಾಗಿ ಮಾಡಿದ್ದು, ಅವರಿಗಾಗಿ ಅಲ್ಲ ಎನ್ನುವುದು ಈಗ ಗೊತ್ತಾಗಿದೆ. ಅವರು ಕೇಳಿದ್ದಕ್ಕೆ ಅಂದು ನಾನು ಉತ್ತರ ಕೊಡಲಿಲ್ಲ.

ಆಗತಿತ್ರಿ ಸರ್. ಒಂದ ವಾರ ಸುಮ್ನ ಇರಾಕ ನನಗ ಆಗತಿತ್ತು.